ವಿಷಯಕ್ಕೆ ಸಂಬಂಧಿಸಿದ್ದು ಮಾತ್ರ

ಸಿರುಗುಪ್ಪ
12 ಸೆಪ್ಟೆಂಬರ್ 2024

ಬಳ್ಳಾರಿ ಸೀಮೆ ನೆಟ್‌ವರ್ಕ್ ಆಪರೇಟರುಗಳ ವೇದಿಕೆಯ ನಿರ್ವಾಹಕಿಯವರಿಗೆ,

ಸಿರುಗುಪ್ಪದ ಕೇಬಲ್ ಹುಲುಗಪ್ಪ ಸಲ್ಲಿಸುವ ತಕರಾರು. ಮೊನ್ನೆ ನಾನು ವೇದಿಕೆಯಲ್ಲಿ ಹಾಕಿದ ಬರಹವನ್ನು ನೀವು ಅಳಿಸಿದ್ದೀರಿ. ಕಾರಣ ಎಂಬಲ್ಲಿ ‘ವಿಷಯಕ್ಕೆ ಸಂಬಂಧಿಸಿದ್ದಲ್ಲ’ ಎಂದು ಬರೆದಿದ್ದೀರಿ. ಯಾಕೆ ಅಳಿಸಿದಿರಿ ಎಂದು ಅಲ್ಲೇ ಕೇಳೋಣವೆಂದರೆ ಅದಕ್ಕೂ ನಿಯಮವಂತೆ. ನಿರ್ವಾಹಕರ ಮೇಲಿನ ತಕರಾರನ್ನು ವೇದಿಕೆಯಲ್ಲಿ ಎತ್ತಬಾರದಂತೆ, ಇ-ಮೇಲ್‌ನಲ್ಲಿ ಪತ್ರ ಬರೆಯಬೇಕಂತೆ. ಆಗಲಿ. ಇಷ್ಟು ವರ್ಷ ಕಂಬ ಹತ್ತಿದವನಿಗೆ ಒಂದು ಪತ್ರ ಬರೆಯುವುದು ದೊಡ್ಡದಲ್ಲ.

ನಾನು ಬರೆದದ್ದು ಇಷ್ಟೇ. ನನ್ನ ಹೆಂಡತಿ ವಿರೂಪಮ್ಮನ ಮೊಣಕಾಲು ನೋವು ಕಡಿಮೆಯಾಗಿದೆ, ದೇಶನೂರಿನಿಂದ ತಂದ ಎಣ್ಣೆ ಗುಣ ಕೊಟ್ಟಿದೆ, ಈಗ ಯಾರನ್ನೂ ಹಿಡಿದುಕೊಳ್ಳದೆ ಮೆಟ್ಟಿಲು ಹತ್ತುತ್ತಾಳೆ. ಇದರಲ್ಲಿ ನೆಟ್‌ವರ್ಕ್ ಎಲ್ಲಿದೆ ಎಂದು ಕೇಳುತ್ತೀರಿ. ಹೇಳುತ್ತೇನೆ. ನಮ್ಮ ಅಂಗಡಿಗೆ ಬರುವ ದೂರಿನ ಫೋನು ಎತ್ತುವವಳು ಆಕೆ. ಮೊಣಕಾಲು ಹಿಡಿದುಕೊಂಡರೆ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತದೆ. ಕರೂರಿನಲ್ಲಿ ಬೆಳಿಗ್ಗೆ ಲೈನ್ ಹೋದರೆ ನನಗೆ ಸುದ್ದಿ ಮುಟ್ಟುವುದು ಮಧ್ಯಾಹ್ನ. ಹೀಗಿರುವಾಗ ಆಕೆಯ ಮೊಣಕಾಲು ನೆಟ್‌ವರ್ಕಿಗೆ ಸೇರಿದ್ದೋ ಅಲ್ಲವೋ, ನೀವೇ ಹೇಳಿ.

ಅಳಿಸಿದ ಬರಹವನ್ನು ಇದ್ದ ಜಾಗಕ್ಕೆ ಮರಳಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ನೀವು ಯಾರ ಮಗಳು ಎಂಬುದನ್ನು ಈ ತಕರಾರಿನಲ್ಲಿ ನಾನು ಎತ್ತಿಲ್ಲ. ಎತ್ತುವುದೂ ಇಲ್ಲ.

ವೇದಿಕೆಯ ಹಳೆಯ ಸದಸ್ಯ,
ಹುಲುಗಪ್ಪ

———

ಬಳ್ಳಾರಿ
15 ಸೆಪ್ಟೆಂಬರ್ 2024

ಸದಸ್ಯ ಹುಲುಗಪ್ಪನವರಿಗೆ,

ತಕರಾರು ತಲುಪಿತು. ಬರಹವನ್ನು ಮರಳಿ ಹಾಕಲಾಗದು. ಲೈನ್ ಎಲ್ಲಿ ತುಂಡಾಗಿದೆ, ಯಾರು ಎಲ್ಲಿ ನೆಲ ಅಗೆಯುತ್ತಿದ್ದಾರೆ, ಕರೆಂಟ್ ಯಾವಾಗ ತೆಗೆಯುತ್ತಾರೆ, ಯಾರ ಬಳಿ ಬದಲಿ ಫೈಬರ್ ಎಳೆ ಇದೆ. ವೇದಿಕೆ ಇರುವುದು ಇಂಥ ಸುದ್ದಿಗೆ. ಹಬ್ಬದ ಶುಭಾಶಯ, ರಾಜಕೀಯ, ಬೇಸಾಯ, ಮನೆಯ ಸಮಾಚಾರ ಇಲ್ಲಿಗಲ್ಲ. ಈ ನಿಯಮವನ್ನು ನಾನೊಬ್ಬಳೇ ಮಾಡಿದ್ದಲ್ಲ. ಕಳೆದ ಯುಗಾದಿಗೆ ಬೇವುಬೆಲ್ಲದ ಚಿತ್ರಗಳ ರಾಶಿಯಲ್ಲಿ ‘ಕುರುಗೋಡು ರಸ್ತೆಯಲ್ಲಿ ಜೆಸಿಬಿ ಇಳಿದಿದೆ’ ಎಂಬ ಒಂದು ಸಾಲು ಯಾರ ಕಣ್ಣಿಗೂ ಬೀಳದೆ ಅಲ್ಲಿನ ಆಪರೇಟರ್ ಓಬಣ್ಣ ಮಾಮನ ಕೇಬಲ್ ಮಣ್ಣಿನ ಸಮೇತ ಮೇಲೆದ್ದು ಬಂತು. ಆಮೇಲೆ ಎಲ್ಲರೂ ಸೇರಿ ಬಿಗಿಯಾಗಿ ನೋಡಿಕೊಳ್ಳುವವರು ಬೇಕೆಂದು ನನ್ನನ್ನು ಕೂರಿಸಿದಿರಿ. ಕೈ ಎತ್ತಿದವರಲ್ಲಿ ನೀವೂ ಇದ್ದಿರಿ. ಇದು ಮೊದಲ ಎಚ್ಚರಿಕೆ. ಮೂರಾದರೆ ಒಂದು ತಿಂಗಳು ಬರೆಯುವ ಹಕ್ಕು ಇರುವುದಿಲ್ಲ.

ಇಲ್ಲಿಗೆ ನಿರ್ವಾಹಕಿಯ ಮಾತು ಮುಗಿಯಿತು.

ಅಪ್ಪಾ, ನಾನು ನಮ್ಮ ಅಂಗಡಿ ಬಿಟ್ಟು ಬಳ್ಳಾರಿಯ ಇಂಟರ್ನೆಟ್ ಕಂಪನಿ ಸೇರಿ ವರ್ಷವಾಗುತ್ತಾ ಬಂತು. ಹೊರಟ ದಿನ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ: “ನಮ್ ಕಂಬದ ಮ್ಯಾಲ ತಮ್ಮ ತಂತಿ ಬಿಗಿಯಾಕ ಬಂದವರ ಕಡಿ ಹೊಂಟೀ ಏನು? ಹೋಗು.” ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. “ನಿಮ್ಮಪ್ಪ ತಾನಾಗಿ ನಿನ್ ನಂಬರ್ ಒತ್ತೋದಿಲ್ಲ ಅಂತ ಹಟ ಹಿಡದಾನವ್ವಾ” ಎಂದು ಅವ್ವ ಹೇಳುತ್ತಾಳೆ. ನಾನು ಮಾಡಿದರೆ ಫೋನನ್ನು ಅವ್ವನ ಕೈಗೆ ದಾಟಿಸುತ್ತೀ. ಮಾಡಿ ಮಾಡಿ ಅವಳ ಮೊಣಕಾಲಿನ ಸುದ್ದಿಯನ್ನು ಸೀಮೆಯ ಆಪರೇಟರುಗಳೆಲ್ಲ ಓದುವ ಜಾಗದಲ್ಲಿ ಹಾಕುತ್ತೀ. ಅದು ಯಾರಿಗೆ ಬರೆದದ್ದು ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಮಗಳಿಗೆ ಹೇಳುವುದನ್ನು ಮಗಳಿಗೇ ಹೇಳು. ನಂಬರ್ ಅದೇ ಇದೆ.

ಮೌನಿಕಾ

———

ಸಿರುಗುಪ್ಪ
20 ಅಕ್ಟೋಬರ್ 2024

ನಿರ್ವಾಹಕಿಯವರಿಗೆ,

ಎರಡನೇ ಎಚ್ಚರಿಕೆ ಬಂತು, ಎರಡನೇ ತಕರಾರು ಬರೆಯುತ್ತಿದ್ದೇನೆ. ನಿಮ್ಮ ಹಿಂದಿನ ಪತ್ರದ ಕೊನೆಯ ಭಾಗ ವಿಷಯಕ್ಕೆ ಸಂಬಂಧಿಸಿದ್ದಲ್ಲ, ಆದ್ದರಿಂದ ಅದಕ್ಕೆ ಉತ್ತರ ಕೊಡುವುದಿಲ್ಲ.

ಆಯುಧ ಪೂಜೆಯ ದಿನ ನಾನು ಹಾಕಿದ್ದು ಹಬ್ಬದ ಚಿತ್ರ ಅಲ್ಲ. ಫೈಬರಿನ ಕೂದಲೆಳೆಯಂಥ ಗಾಜನ್ನು ಕಾಯಿಸಿ ಕೂಡಿಸುವ ನಮ್ಮ ಮಷಿನ್ನಿನ ಚಿತ್ರ. ಅದರ ಮೇಲೆ ಕುಂಕುಮ ಇತ್ತು, ನಿಂಬೆಹಣ್ಣು ಇತ್ತು, ನಿಜ. ಆದರೆ ಅದರ ಕೆಳಗಿದ್ದದ್ದು ಮಷಿನ್ನೇ ತಾನೆ? ಜೋಡಿಸುವ ಮಷಿನ್ನೇ ನೆಟ್‌ವರ್ಕಿಗೆ ಸೇರಿದ್ದಲ್ಲ ಎಂದರೆ ಇನ್ನು ಸೇರಿದ್ದು ಯಾವುದು? ಚಿತ್ರ ಮಾಯವಾದದ್ದು ನೋಡಿ ಕುರುಗೋಡಿನಿಂದ ಓಬಣ್ಣ ಫೋನು ಮಾಡಿದ. “ಯಾಕಲೇ ಹುಲುಗ, ನಿಂಬಿಹಣ್ಣು ನಿನ್ ಮಗಳ ಕಣ್ಣಿಗೆ ಬಿದ್ದು ಹುಳಿ ಆತೇನು?” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಒಂದು ಮಾತು ಕೇಳುತ್ತೇನೆ. ನಮ್ಮ ಓಣಿಯ ಚಂದ್ರಣ್ಣನ ಮಗ ಓದಲು ಧಾರವಾಡಕ್ಕೆ ಹೋದ, ಮರುವಾರವೇ ಚಂದ್ರಣ್ಣ ಇಂಟರ್ನೆಟ್ ತೆಗೆಸಿದ. ಕೆಂಚನಗುಡ್ಡದ ಒಬ್ಬರ ಮನೆಗೆ ಸೊಸೆ ಬಂದಳು, ಮೂರನೇ ದಿನಕ್ಕೆ ಹೊಸ ಕನೆಕ್ಷನ್ ಕೇಳಿದರು. ಊರಿನ ಸುದ್ದಿ ಗೊತ್ತಿಲ್ಲದವನು ಊರಿನಲ್ಲಿ ನೆಟ್‌ವರ್ಕ್ ನಡೆಸಲಾರ. ಬಳ್ಳಾರಿಯ ಎ.ಸಿ. ಕೋಣೆಯಲ್ಲಿ ಕೂತು ಪರದೆಯ ಮೇಲೆ ಕೆಂಪು ದೀಪ, ಹಸಿರು ದೀಪ ನೋಡುವವರಿಗೆ ಅದು ಬೇಕಾಗದಿರಬಹುದು.

ಈ ಸಲದ ದಸರೆಗೆ ಮನೆಯಲ್ಲಿ ಹೋಳಿಗೆ ಮಾಡಿದ್ದರು, ಬಹಳ ಉಳಿಯಿತು. ಇದೂ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ಬಲ್ಲೆ.

ಹುಲುಗಪ್ಪ

———

ಬಳ್ಳಾರಿ
17 ನವೆಂಬರ್ 2024

ಸದಸ್ಯ ಹುಲುಗಪ್ಪನವರಿಗೆ,

ಈ ದಿನ ಬೆಳಿಗ್ಗೆ ನೀವು ಹಾಕಿದ ಬರಹ ಕರೂರಿನ ಭತ್ತದ ಇಳುವರಿಯಿಂದ ಶುರುವಾಗಿ, ಮಾರೆಣ್ಣನವರ ಹೊಲದ ಸೋನಾಮಸೂರಿ ಹೇಗೆ ಬಂದಿದೆ ಎಂಬಲ್ಲಿಗೆ ಹೋಗಿ, ಅವರ ಮೊಮ್ಮಗಳ ಮದುವೆಯ ಮಾತುಕತೆಯವರೆಗೆ ಬೆಳೆದಿದೆ. ಬೇಸಾಯದ ಸುದ್ದಿ ಎಂದು ಅಳಿಸಿದ್ದೇನೆ. ಇದು ಮೂರನೆಯದು. ನಿಯಮದಂತೆ ಒಂದು ತಿಂಗಳು ನೀವು ವೇದಿಕೆಯನ್ನು ಓದಬಹುದು, ಬರೆಯಲಾಗದು.

ಬೇರೆ ಯಾರಾಗಿದ್ದರೂ ಇದನ್ನೇ ಮಾಡುತ್ತಿದ್ದೆ. ನೀವು ಎಂದು ಬಿಟ್ಟರೆ ನಾಳೆ ಎಲ್ಲರೂ ಅದನ್ನೇ ತೋರಿಸುತ್ತಾರೆ.

ಮೌನಿಕಾ
ನಿರ್ವಾಹಕಿ

———

ಸಿರುಗುಪ್ಪ
20 ನವೆಂಬರ್ 2024

ನಿರ್ವಾಹಕಿಯವರಿಗೆ,

ಬರೆಯುವ ಹಕ್ಕು ಇಲ್ಲದ್ದರಿಂದ ಪತ್ರದಲ್ಲಿ ತಿಳಿಸುತ್ತಿದ್ದೇನೆ. ನಿನ್ನೆ ಕರೂರು ರಸ್ತೆಯಲ್ಲಿ ನಿಮ್ಮ ಕಂಪನಿಯ ಲೈನ್ ಹರಿಯಿತು. ಅದೇ ಲೈನಿನ ಮೇಲೆ ನಡೆಯುತ್ತಿದ್ದ ಓಬಣ್ಣನ ಗಿರಾಕಿಗಳೂ ಇಂಟರ್ನೆಟ್ ಇಲ್ಲದೆ ಕೂತರು. ಬ್ಯಾಂಕಿನ ಪ್ರತಿನಿಧಿ ಪಿಂಚಣಿ ಹಂಚಲಾಗದೆ ಮುದುಕರನ್ನು ವಾಪಸು ಕಳಿಸಿದ. ನಾನು ಅಳಿಸಿಕೊಂಡ ಬರಹದ ನಕಲು ನನ್ನ ಫೋನಿನಲ್ಲಿದೆ. ಅದರ ಕೊನೆಯ ಸಾಲು ಹೀಗಿತ್ತು: ‘ಮಾರೆಣ್ಣನ ಹೊಲಕ್ಕೆ ಮಂಗಳವಾರ ತಮಿಳುನಾಡಿನ ಕಟಾವು ಮಷಿನ್ ಲಾರಿಯ ಮೇಲೆ ಬರುತ್ತದೆ, ಕರೂರು ರಸ್ತೆಯ ಕಂಬದವರು ನೋಡಿಕೊಳ್ಳಿರಿ.’

ಲಾರಿಯ ಮೇಲೆ ಮಷಿನ್ ಕೂತರೆ ಎಷ್ಟು ಎತ್ತರ ಆಗುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಅಂಗಡಿಯಲ್ಲಿದ್ದಾಗ ಪ್ರತಿ ಕಟಾವಿಗೂ ಉದ್ದದ ಬಿದಿರು ಹಿಡಿದು ಲಾರಿಯ ಮುಂದೆ ನಡೆದು ತಂತಿ ಎತ್ತಿದವರು ನೀವೇ. ನನ್ನ ಲೈನನ್ನು ನಾನು ಭಾನುವಾರವೇ ಮೇಲಕ್ಕೆ ಕಟ್ಟಿದ್ದೆ. ನಿಮ್ಮದು ಜೋತು ಬಿದ್ದಿತ್ತು. ಬೇರೆಯವರ ಲೈನನ್ನು ಕೇಳದೆ ಮುಟ್ಟಬಾರದು ಎಂಬುದು ನಮ್ಮ ಕಸುಬಿನ ಪದ್ಧತಿ, ಅದಕ್ಕೇ ಮುಟ್ಟಲಿಲ್ಲ.

ಹರಿದ ಮೇಲೆ ನಿಮ್ಮವರು ಬಳ್ಳಾರಿಯಿಂದ ಬರುವವರೆಗೆ ಕಾಯಲು ಮನಸ್ಸಾಗಲಿಲ್ಲ. ಓಬಣ್ಣನಿಗೆ ಹೇಳಿ ನಾನೇ ಜೋಡಿಸಿದೆ. ಈಗ ನಡೆಯುತ್ತಿದೆ.

ಹುಲುಗಪ್ಪ

———

ಬಳ್ಳಾರಿ
22 ನವೆಂಬರ್ 2024

ಹುಲುಗಪ್ಪನವರಿಗೆ,

ಕರೂರು ಕಡೆಯ ದೀಪ ಕೆಂಪಾದಾಗ ಡ್ಯೂಟಿಯಲ್ಲಿ ಇದ್ದವಳು ನಾನೇ. ಯಾಕೆ ಕೆಂಪಾಯಿತು ಎಂದು ನನಗೆ ಹೊಳೆಯಲೇ ಇಲ್ಲ. ಬರಹವನ್ನು ಅರ್ಧ ಓದಿ ಅಳಿಸಿದೆ ಎಂದು ವೇದಿಕೆಯಲ್ಲಿ ಎಲ್ಲರ ಮುಂದೆ ಬರೆದಿದ್ದೇನೆ. ನಿಮ್ಮ ಮೇಲಿನ ತಡೆ ತೆಗೆದಿದ್ದೇನೆ. ಕಟಾವು ಮಷಿನ್ನಿನ ಓಡಾಟ ಇನ್ನು ಮುಂದೆ ವಿಷಯಕ್ಕೆ ಸಂಬಂಧಿಸಿದ್ದು ಎಂದು ನಿಯಮಕ್ಕೆ ಸೇರಿಸಿದ್ದೇನೆ.

ಆದರೆ ಒಂದು ಕೋರಿಕೆ. ಊರಿನ ಹೆಸರು ಮೊದಲು ಇರಲಿ. ಏನಾಗಿದೆ, ಏನಾಗಲಿದೆ ಎಂಬುದು ಅದರ ಪಕ್ಕದಲ್ಲೇ ಇರಲಿ. ಒಂದು ಬರಹಕ್ಕೆ ಒಂದೇ ಸಂಗತಿ. ಮುಖ್ಯವಾದದ್ದನ್ನು ಮದುವೆ ಮಾತುಕತೆಯ ಕೆಳಗೆ ಇಟ್ಟರೆ ಯಾರಾದರೂ ಹೇಗೆ ಹುಡುಕಬೇಕು, ಅಪ್ಪಾ?

ಲೈನ್ ಜೋಡಿಸಿದ್ದಕ್ಕೆ ಕಂಪನಿಯವರು ಥ್ಯಾಂಕ್ಸ್ ಹೇಳಿದ್ದಾರೆ. ನಾನೂ ಹೇಳುತ್ತೇನೆ.

ಮೌನಿಕಾ

———

ಸಿರುಗುಪ್ಪ
25 ನವೆಂಬರ್ 2024

ನಿರ್ವಾಹಕಿಯವರಿಗೆ,

ತಿಳಿಯಿತು. ನೀವು ಹೇಳಿದಂತೆಯೇ ಬರೆಯುತ್ತೇನೆ. ಇನ್ನು ಮೇಲೆ ನನ್ನಿಂದ ನಿಮಗೆ ತೊಂದರೆ ಇರುವುದಿಲ್ಲ.

ಹುಲುಗಪ್ಪ

———

ಬಳ್ಳಾರಿ
14 ಡಿಸೆಂಬರ್ 2024

ಹುಲುಗಪ್ಪನವರಿಗೆ,

ಎಚ್ಚರಿಕೆ ಕೊಡಲು ಮಾತ್ರ ಪತ್ರ ಬರೆಯುತ್ತೇನೆ ಎಂದಾಗಬಾರದು, ಅದಕ್ಕೆ ಇದು. ಈ ಮೂರು ವಾರದಲ್ಲಿ ನಿಮ್ಮ ಒಂದು ಬರಹವನ್ನೂ ಮುಟ್ಟುವ ಪ್ರಸಂಗ ಬಂದಿಲ್ಲ. ಅದರಲ್ಲೂ ಡಿಸೆಂಬರ್ ಹತ್ತರದ್ದು: ‘ಸಿರುಗುಪ್ಪ, ದೇಶನೂರು: ಇಂದಿನಿಂದ ಮುಂದಿನ ಸೂಚನೆಯವರೆಗೆ ಫೈಬರ್ ಜೋಡಣೆ ಇಲ್ಲ. ಕಾರಣ, ಸಿಬ್ಬಂದಿ ಕೊರತೆ. ತುರ್ತಿದ್ದರೆ ಕುರುಗೋಡಿನ ಓಬಣ್ಣನಿಗೆ ತಿಳಿಸಿರಿ.’ ಊರು ಇದೆ, ಸಂಗತಿ ಇದೆ, ಕಾರಣ ಇದೆ, ಬದಲಿ ವ್ಯವಸ್ಥೆ ಇದೆ. ಹೊಸ ಸದಸ್ಯರು ನೋಡಿ ಕಲಿಯಲಿ ಎಂದು ಅದನ್ನೇ ಮಾದರಿಯಾಗಿ ವೇದಿಕೆಯ ತಲೆಯ ಮೇಲೆ ಇಟ್ಟಿದ್ದೇನೆ.

ಕೇಬಲ್ ಎಳೆಯುವ ಆಳುಗಳು ಭತ್ತದ ಕೆಲಸಕ್ಕೆ ಹೋಗಿರಬೇಕು, ಪ್ರತಿ ಸಲದ ಹಾಗೆ. ಅವ್ವನಿಗೆ ಫೋನು ಮಾಡಿದರೆ ಈಚೆಗೆ ಗಡಿಬಿಡಿಯಲ್ಲಿ ಇರುತ್ತಾಳೆ. “ಆರಾಮ ಅದೀವಿ, ಇಡ್ತೀನಿ” ಎಂದು ಇಟ್ಟೇಬಿಡುತ್ತಾಳೆ. ನಿಮ್ಮ ಬರಹಗಳಲ್ಲಿ ಈಗ ಲೈನು, ಕಂಬ ಬಿಟ್ಟು ಬೇರೆ ಏನೂ ಇಲ್ಲ. ನಾನೇ ಕೇಳಿದ್ದು ಅದನ್ನು. ಆದರೂ ಮೊನ್ನೆ ನಿಮ್ಮ ಹೆಸರು ಕಂಡು ತೆರೆದು, ಒಂದೇ ಸಾಲಿಗೆ ಮುಗಿದಾಗ ಕೆಳಗೆ ಇನ್ನೇನಾದರೂ ಇದೆಯೇ ಎಂದು ನೋಡಿದೆ.

ಮೌನಿಕಾ

———

ಕುರುಗೋಡು
21 ಡಿಸೆಂಬರ್ 2024

ಮೌನಿಕಾ,

ನಿರ್ವಾಹಕಿಗೆ ಬರೆಯುವ ಪತ್ರ ಇದಲ್ಲ. ನಿಮ್ಮಪ್ಪನ ಜೊತೆ ಕೇಬಲ್ ಟಿ.ವಿ. ಕಾಲದಿಂದ ಕಂಬ ಹತ್ತಿದ ಓಬಣ್ಣ ಮಾಮ ಬರೆಯುವುದು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಇನ್ನು ಆಗುವುದಿಲ್ಲ. ನಿನಗೆ ಎದೆ ಇಷ್ಟು ಗಟ್ಟಿ ಯಾವಾಗ ಆಯಿತು?

ದೇಶನೂರಿನಲ್ಲಿ ಕಟಾವು ಮಷಿನ್ ಬರುವ ಮುಂಚೆ ಲೈನ್ ಎತ್ತಿ ಕಟ್ಟುವಾಗ ನಿಮ್ಮಪ್ಪ ಏಣಿಯಿಂದ ಬಿದ್ದ. ಬಲಗೈ ಮಣಿಕಟ್ಟು ಮುರಿದಿದೆ. ನಾನೇ ಕಾರಿನಲ್ಲಿ ಬಳ್ಳಾರಿಗೆ ಕರೆತಂದು ಸಿಮೆಂಟ್ ಪಟ್ಟಿ ಹಾಕಿಸಿದೆ. ಆಸ್ಪತ್ರೆಯಿಂದ ನಿನ್ನ ಆಫೀಸು ನಡೆದು ಹೋಗುವಷ್ಟು ದೂರ. “ಮೌನಿಕಾಗ ಒಂದು ಫೋನ್ ಮಾಡ್ಲೇನು?” ಎಂದು ಕೇಳಿದೆ. “ಬ್ಯಾಡ, ಆಕಿ ಡ್ಯೂಟಿ ಮ್ಯಾಲ ಇರ್ತಾಳ. ವೇದಿಕಿಯಾಗ ಹಾಕ್ತೀನಿ, ಓದ್ತಾಳ. ಮನಿ ಸುದ್ದಿ ಹಾಕೂ ಹಂಗಿಲ್ಲ, ಸಿಬ್ಬಂದಿ ಕೊರತೆ ಅಂದ್ರ ಆಕಿಗೆ ತಿಳಿತೈತಿ. ನಮ್ ಅಂಗಡ್ಯಾಗ ಜೋಡಸಾವ ನಾ ಒಬ್ಬನ ಅಲ್ಲೇನು?” ಎಂದ. ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದ.

ನೀನು ಬರಲಿಲ್ಲ. ಅವನ ಹೆಸರಿಗೆ ನಿನ್ನ ಪತ್ರ ಬಂತು. ಬಹಳ ಚೆನ್ನಾಗಿ ಬರೆದಿದ್ದೀರಿ, ಮಾದರಿಯಾಗಿ ಇಟ್ಟಿದ್ದೇನೆ ಎಂದು. ಅವನು ಅದನ್ನು ನನಗೆ ಓದಲು ಕೊಟ್ಟು ಹೊರಗೆ ಹೋಗಿ ನಿಂತ. ನಿಮ್ಮವ್ವ ಒಳಗೆ ಅಳುತ್ತಿದ್ದಳು. “ಗೊತ್ತಿದ್ದೂ ಬರಲಿಲ್ಲಲ್ಲೋ ಅಣ್ಣಾ ನನ್ ಮಗಳು, ಫೋನ್ ಮಾಡಿದಾಗೂ ಅಪ್ಪನ ಕೈ ಹೆಂಗೈತಿ ಅಂತ ಕೇಳಲಿಲ್ಲ, ಆಕಿಗೆ ನಾನಾಗಿ ಏನಂತ ಹೇಳ್ಲಿ” ಎಂದಳು.

ನನ್ನಿಂದ ಆಗುವಷ್ಟು ಜೋಡಣೆ ಮಾಡುತ್ತಿದ್ದೇನೆ, ಆದರೆ ಕುರುಗೋಡಿನಿಂದ ದಿನಾ ಓಡಾಡಲು ನನ್ನ ಸೊಂಟ ಕೇಳುವುದಿಲ್ಲ. ಕೆಂಚನಗುಡ್ಡದ ಕಡೆ ವಾರದಿಂದ ಲೈನ್ ಇಲ್ಲ, ಗಿರಾಕಿಗಳು ಬಿಟ್ಟು ಹೋಗುತ್ತಿದ್ದಾರೆ. ಅದೆಲ್ಲ ಹೋಗಲಿ. ಮೊದಲು ನೀನು ಬಾ.

ನಿನ್ನ ಮೇಲೆ ಸಿಟ್ಟಿರುವ,
ಓಬಣ್ಣ ಮಾಮ

———

ಬಳ್ಳಾರಿ
21 ಡಿಸೆಂಬರ್ 2024

ಅಪ್ಪಾ,

ಓಬಣ್ಣ ಮಾಮನ ಪತ್ರ ಈಗ ಓದಿದೆ. ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಮೊದಲು ಇದನ್ನು ಓದಿ ಹೇಳು: ನನಗೆ ಗೊತ್ತಿರಲಿಲ್ಲ.

ಗೊತ್ತಾಗಬೇಕಿತ್ತು. ಆ ಅಂಗಡಿಯಲ್ಲಿ ಜೋಡಿಸುವ ಕೈ ಇದ್ದದ್ದು ನಿನ್ನದು ಮತ್ತು ನನ್ನದು. ನಾನು ಬಂದುಬಿಟ್ಟೆ, ಉಳಿದದ್ದು ನಿನ್ನದೊಂದೇ. ‘ಸಿಬ್ಬಂದಿ ಕೊರತೆ’ ಎಂದರೆ ಯಾರು ಎಂದು ನಾನಲ್ಲದೆ ಇನ್ಯಾರು ತಿಳಿಯಬೇಕು? ಊರಿನ ಹೆಸರು ಮೊದಲು ಇದೆಯೇ, ಕಾರಣ ಬರೆದಿದ್ದಾನೆಯೇ ಎಂದು ಮೇಷ್ಟರ ಹಾಗೆ ನೋಡಿದೆ. ಮಾದರಿ ಎಂದು ಮೇಲೆ ಬೇರೆ ಇಟ್ಟೆ. ನೀನು ಅದನ್ನು ಮುರಿದ ಕೈಯಲ್ಲಿ ಓದಿಕೊಂಡಿರುತ್ತೀ ಎಂದು ನೆನೆದರೆ ನಾಚಿಕೆಯಾಗುತ್ತದೆ. ಆಫೀಸಿನಲ್ಲಿ ಎಲ್ಲರ ಎದುರೇ ಅತ್ತೆ.

ನಿನ್ನ ಮೇಲೆ ಸಿಟ್ಟೂ ಬಂದಿದೆ, ಅದನ್ನೂ ಹೇಳುತ್ತೇನೆ. ಬಳ್ಳಾರಿಗೆ ಬಂದು ಪಟ್ಟಿ ಹಾಕಿಸಿಕೊಂಡು ನನಗೆ ಮುಖ ತೋರಿಸದೆ ಹೋಗುತ್ತೀಯಾ? ನಾನು ಕಂಪನಿ ಸೇರಿದೆ ಅಪ್ಪಾ, ಬೇರೆ ಮನೆಯ ಮಗಳಾಗಲಿಲ್ಲ.

ರಜೆ ಹಾಕಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಕೆಂಚನಗುಡ್ಡದಿಂದ ಶುರು ಮಾಡೋಣ. ನನ್ನ ಹತ್ತಿರ ಮಾತಾಡಬೇಕೆಂದು ಕೇಳುವುದಿಲ್ಲ. ಯಾವ ಕಂಬದಲ್ಲಿ ಹರಿದಿದೆ ಎಂದು ತೋರಿಸು, ಅಷ್ಟು ಸಾಕು.

ಮೌನಿ

———

ಸಿರುಗುಪ್ಪ
5 ಜನವರಿ 2025

ಮೌನಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊ. ನೀನು ಬಂದ ದಿನ ವೇದಿಕೆಯಲ್ಲಿ ಹಾಕಿದ್ದನ್ನು ನಾನು ನೋಡಿದ್ದು ನೀನು ಹೊರಟ ಮೇಲೆ. ‘ಸಿರುಗುಪ್ಪ: ಜೋಡಣೆ ಕೆಲಸ ಮತ್ತೆ ಶುರು. ನಮ್ಮ ಅಪ್ಪನ ಕೈ ಮುರಿದಿದೆ, ಗೊತ್ತಾದದ್ದು ತಡವಾಯಿತು, ನಾನು ಬಂದಿದ್ದೇನೆ.’ ಎರಡನೇ ಸಾಲು ನಿಯಮಕ್ಕೆ ಹೊರತಾದದ್ದು. ಇಷ್ಟು ದಿನವಾದರೂ ಯಾರೂ ತಕರಾರು ಎತ್ತಿಲ್ಲ, ನಾನೂ ಎತ್ತುವುದಿಲ್ಲ. ಅದರ ಕೆಳಗೆ ಸೀಮೆಯವರೆಲ್ಲ ನನ್ನ ಕೈ ವಿಚಾರಿಸಿದ್ದಾರೆ. ಕಂಪ್ಲಿ ಕಡೆಯ ಹುಲಿಗೇಶ್, ನಾನು ಮುಖ ನೋಡಿದವನೇ ಅಲ್ಲ, ಮೂಳೆ ಕೂಡಲು ಪುತ್ತೂರು ಎಣ್ಣೆ ಹಚ್ಚಿಕೊಳ್ಳಿರಿ ಎಂದು ಬರೆದಿದ್ದಾನೆ. ಎಲ್ಲವನ್ನೂ ನಿಮ್ಮವ್ವನಿಗೆ ಓದಿ ಹೇಳಿದೆ.

ನೀನು ಇದ್ದ ವಾರದಲ್ಲಿ ನಾವು ಏನು ಮಾತಾಡಿದೆವು ಎಂದು ನಿನ್ನೆ ಕೂತು ನೆನಪಿಸಿಕೊಂಡೆ. ನೀಲಿ ಎಳೆ, ಕೆಂಪು ಎಳೆ, ಏಣಿ ಹಿಡಿ, ಟಾರ್ಚು ಈ ಕಡೆ ಬಿಡು, ಕೆಂಚನಗುಡ್ಡ ಆಯಿತು, ಇನ್ನು ದೇಶನೂರು. ಇಷ್ಟೇ. ಒಂದು ಮಾತೂ ವಿಷಯ ಬಿಟ್ಟು ಆಡಲಿಲ್ಲ. ನಿನ್ನ ಕೈ ನನ್ನದಕ್ಕಿಂತ ಸ್ಥಿರವಾಗಿದೆ ಎಂದು ಹೇಳಬೇಕೆಂದಿದ್ದೆ, ಬಸ್ಸು ಹೊರಟುಬಿಟ್ಟಿತು. ಅಂಗಡಿಗೆ ಬಂದು ಕೂತರೆ ಭಣಭಣ ಅನ್ನಿಸಿತು. ಕಂಪನಿ ಬಿಟ್ಟು ಬಾ ಎಂದು ಇನ್ನು ಅನ್ನುವುದಿಲ್ಲ. ಅಲ್ಲಿ ನಿನ್ನ ಕೆಲಸ ಚೆನ್ನಾಗಿದೆ ಎಂದು ಓಬಣ್ಣನೂ ಹೇಳಿದ.

ಇವತ್ತು ಸಂಜೆ ನಾನೇ ಫೋನು ಮಾಡುತ್ತೇನೆ, ಎತ್ತು. ಲೈನುಗಳೆಲ್ಲ ನಡೆಯುತ್ತಿವೆ, ನಿಮ್ಮವ್ವ ಆರಾಮಾಗಿದ್ದಾಳೆ, ನನ್ನ ಕೈಯೂ ಪರವಾಗಿಲ್ಲ. ಹೇಳಲು ವಿಷಯ ಏನೂ ಇಲ್ಲ.

ನಿನ್ನ ಅಪ್ಪ